ತೊಳೆದ ನೀರಿಗೂ ಉಸಿರು ಬೇಕು



ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಎಂದು ಈ ಪುಟದಲ್ಲಿ ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ನೀರಿನ ಬಗ್ಗೆ ಬರೆಯುತ್ತಿದ್ದೇನೆ. ಅದೂ ಕುಡಿಯುವ ನೀರಲ್ಲ, ತೊಳೆದು ಚೆಲ್ಲಿದ ನೀರು. ಅದಕ್ಕೆ ಕಾರಣವಿದೆ.

ಕಳೆದ ಮಳೆಗಾಲದ ಕೊನೆಗೆ ಇಡಗುಂಜಿ ಕಡೆಯ ಒಂದು ಮನೆಯಿಂದ ಕರೆ ಬಂತು. ಎರಡು ತಿಂಗಳ ಕರುವಿಗೆ ಭೇದಿ. ಜಂತುವಿನ ಔಷಧ ಕೊಟ್ಟು ಬಂದೆ. ವಾರದ ಮೇಲೆ ಮತ್ತೆ ಕರೆ. ಔಷಧ ಬದಲಿಸಿದೆ. ಮೂರನೆಯ ಸಲ ಹೋಗುವಷ್ಟರಲ್ಲಿ ಕರು ಉಳಿದಿರಲಿಲ್ಲ, ಪಕ್ಕದ ಕಂಬಕ್ಕೆ ಕಟ್ಟಿದ್ದ ಇನ್ನೊಂದು ಕರುವಿಗೂ ಭೇದಿ ಶುರುವಾಗಿತ್ತು. ಕೈ ತೊಳೆಯಲು ಮನೆಯ ಅಮ್ಮ ಬಾವಿಯಿಂದ ನೀರೆತ್ತಿ ಕೊಟ್ಟರು. ಕೊಡಪಾನ ಹತ್ತಿರ ಬರುತ್ತಲೇ ವಾಸನೆ ಹೊಡೆಯಿತು. "ನೀರು ಯಾವಾಗಿನಿಂದ ಹೀಗಿದೆ?" ಎಂದೆ. "ಹಬ್ಬದ ಹೊತ್ತಿನಿಂದ ಡಾಕ್ಟ್ರೇ. ಮಳೆ ನೀರು ಸೇರಿದೆ ಅಂದುಕೊಂಡಿದ್ದೆವು. ನಾವೂ ಅದನ್ನೇ ಕಾಯಿಸಿ ಕುಡಿಯೋದು" ಎಂದರು.

ಕೊಟ್ಟಿಗೆ ಮೇಲೆ, ಬಾವಿ ಕೆಳಗೆ. ಕೊಟ್ಟಿಗೆ ತೊಳೆದ ನೀರು ಬಾವಿಕಟ್ಟೆಗೆ ಮೂರು ಮಾರು ದೂರದ ಚರಂಡಿಯಲ್ಲಿ ನಿಲ್ಲುತ್ತಿತ್ತು. ಅದರ ಮೇಲೆ, ಕೆಚ್ಚಲು ಬಾವು ಬಂದಿದ್ದ ಹಸುವಿನ ಹಾಲನ್ನು ಆರು ದಿನ ಅದೇ ಚರಂಡಿಗೆ ಚೆಲ್ಲಿದ್ದರು. ಅದನ್ನು ಸಂಘಕ್ಕೆ ಹಾಕಬೇಡಿ ಎಂದು ಹೇಳಿದವನು ನಾನೇ. ಎಲ್ಲಿ ಚೆಲ್ಲಬೇಕು ಎಂದು ಹೇಳಿರಲಿಲ್ಲ. ಬಾವಿ ನೀರನ್ನು ಪರೀಕ್ಷೆಯ ಸೀಸೆಗೆ ತುಂಬಿಸಿಟ್ಟೆವು. ಮರುದಿನ ಅದು ಕಪ್ಪಾಗಿತ್ತು. ನೀರಿಗೆ ಸಗಣಿಯ ಕಲುಷಿತ ಸೇರಿದೆ ಎಂಬುದರ ಗುರುತು ಅದು. ಮೊದಲ ದಿನವೇ ಬಾವಿ ನೋಡದೆ ಔಷಧ ಬದಲಿಸುತ್ತ ಕುಳಿತದ್ದು ನನ್ನ ತಪ್ಪು. ಆ ತಪ್ಪನ್ನು ಮುಚ್ಚಿಡದೆ ನಿಮಗೆ ಹೇಳಬೇಕೆಂದೇ ಈ ಲೇಖನ.

ಒಂದು ಲೀಟರ್ ಹಾಲು, ಒಂದು ಬಾವಿ ನೀರು

ಗಾಳಿಯಲ್ಲಿರುವ ಪ್ರಾಣವಾಯು, ಅಂದರೆ ಆಮ್ಲಜನಕ, ನೀರಿನಲ್ಲೂ ಸ್ವಲ್ಪ ಕರಗಿರುತ್ತದೆ. ಮೀನು ಉಸಿರಾಡುವುದು ಅದರಿಂದಲೇ. ನಮ್ಮ ಕರಾವಳಿಯ ಸೆಕೆಗೆ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಕರಗೀತು. ನೀರು ಬಿಸಿಯಾದಷ್ಟೂ ಇದು ಕಡಿಮೆ: 20 ಡಿಗ್ರಿಯಲ್ಲಿ 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ.

ಹಾಲು, ಸಗಣಿ, ಅನ್ನದ ಗಂಜಿ ಏನೇ ನೀರಿಗೆ ಬಿದ್ದರೂ ಅದನ್ನು ತಿಂದು ಕರಗಿಸಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸೇರುತ್ತವೆ. ಅವು ತಿನ್ನುತ್ತ ತಿನ್ನುತ್ತ ನೀರಿನ ಆಮ್ಲಜನಕವನ್ನು ಉಸಿರಾಡಿ ಖಾಲಿ ಮಾಡುತ್ತವೆ. ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಮನೆಯ ಚರಂಡಿ ನೀರಿನ ಬಿಒಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಹಾಲಿನದು ಸುಮಾರು 1 ಲಕ್ಷ ಮಿಲಿಗ್ರಾಂ. ಕರುವನ್ನು ಬೆಳೆಸುವಷ್ಟು ಸತ್ವ ಹಾಲಿನಲ್ಲಿದೆ, ಆದ್ದರಿಂದಲೇ ಚೆಲ್ಲಿದರೆ ಅದು ತುಂಬ ಭಾರದ ಕೊಳೆ.

ಲೆಕ್ಕ ಹಾಕಿ ನೋಡಿ. ಲೀಟರಿಗೆ 8 ಮಿಲಿಗ್ರಾಂ ಇರುವ ನೀರಿನಿಂದ 1 ಲಕ್ಷ ಮಿಲಿಗ್ರಾಂ ಆಮ್ಲಜನಕ ಸಿಗಬೇಕಾದರೆ 12 ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. 8 ಅಡಿ ಅಗಲದ ಬಾವಿಯಲ್ಲಿ ಎಂಟೂವರೆ ಅಡಿ ನೀರಿದ್ದರೆ ಅದು ಸುಮಾರು 12 ಸಾವಿರ ಲೀಟರ್. ಅಂದರೆ ಒಂದು ಲೀಟರ್ ಹಾಲು ಒಂದು ಬಾವಿಯ ನೀರಿನ ಉಸಿರನ್ನೇ ಹೀರಬಲ್ಲದು. ದಿನಕ್ಕೆ 4 ಲೀಟರಿನಂತೆ ಆರು ದಿನ ಚೆಲ್ಲಿದ 24 ಲೀಟರ್ ಹಾಲಿಗೆ ಸುಮಾರು 3 ಲಕ್ಷ ಲೀಟರ್ ನೀರಿನ ಆಮ್ಲಜನಕ ಬೇಕು.

ಚೆಲ್ಲಿದ್ದೆಲ್ಲ ನೇರ ಬಾವಿಗೆ ಇಳಿಯುವುದಿಲ್ಲ, ಮಣ್ಣು ಬಹಳಷ್ಟನ್ನು ತಡೆಯುತ್ತದೆ. ಆದರೆ ನಮ್ಮದು ಚಿರೆಕಲ್ಲಿನ ನೆಲ. ಅದರ ತೂತುಗಳಲ್ಲಿ ಮಳೆಗಾಲದ ನೀರು ಸೋಸುವ ಮೊದಲೇ ಓಡಿಬಿಡುತ್ತದೆ. ಕೊಳೆ ಮತ್ತು ಅದರ ಜೊತೆಗಿನ ರೋಗಾಣುಗಳೂ ಅದರೊಂದಿಗೇ ಓಡುತ್ತವೆ.

ಆಮ್ಲಜನಕ ಮುಗಿದ ಮೇಲೆ ಏನಾಗುತ್ತದೆ? ಗಾಳಿ ಬೇಡದ ಬೇರೆ ಜಾತಿಯ ಜೀವಿಗಳು ಕೆಲಸ ಹಿಡಿಯುತ್ತವೆ. ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಕೆಸರು ಅವುಗಳದ್ದು. ನಿಮ್ಮ ಗೋಬರ್ ಗ್ಯಾಸಿನ ಗುಂಡಿಯೊಳಗೂ ಗಾಳಿ ಬೇಡದ ಜೀವಿಗಳೇ ಇರುವುದು. ಮುಚ್ಚಿದ ಗುಂಡಿಯಲ್ಲಿ ಅವು ಒಲೆ ಉರಿಸುತ್ತವೆ. ತೆರೆದ ಚರಂಡಿಯಲ್ಲಿ ಅಂಥವೇ ಊರಿಗೆ ನಾತ ಹಬ್ಬಿಸುತ್ತವೆ.

ಡೇರಿಯ ಹಿತ್ತಲಲ್ಲಿ ಏನು ನಡೆಯುತ್ತದೆ

ನೀವು ಸಂಘಕ್ಕೆ ಹಾಕಿದ ಹಾಲು ಶೀತಲೀಕರಣ ಕೇಂದ್ರ ದಾಟಿ ಡೇರಿ ತಲುಪುತ್ತದೆ. ಅಲ್ಲಿ ಟ್ಯಾಂಕರ್, ಕೊಳವೆ, ಪಾಶ್ಚರೀಕರಣ ಯಂತ್ರ ಎಲ್ಲವನ್ನೂ ದಿನವೂ ತೊಳೆಯಬೇಕು. ಒಂದು ಲೀಟರ್ ಹಾಲಿಗೆ ಒಂದೆರಡು ಲೀಟರ್ ತೊಳೆದ ನೀರು ಬರುವುದು ಸಾಮಾನ್ಯ. ಅದರ ಬಿಒಡಿ ಮನೆಯ ಚರಂಡಿ ನೀರಿನದಕ್ಕಿಂತ ಹಲವು ಪಟ್ಟು ಹೆಚ್ಚು. ಇಂಥ ನೀರನ್ನು ಹಾಗೇ ಹೊರಗೆ ಬಿಡುವಂತಿಲ್ಲ. ನದಿ, ಹಳ್ಳಕ್ಕೆ ಬಿಡುವ ಕಲುಷಿತ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಗದ್ದೆ ತೋಟಕ್ಕೆ ಹಾಯಿಸುವುದಾದರೆ 100 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಸಾಮಾನ್ಯ ಮಾನದಂಡ.

ಅಷ್ಟು ಇಳಿಸುವ ಕೆಲಸವನ್ನೂ ಸೂಕ್ಷ್ಮಜೀವಿಗಳೇ ಮಾಡುವುದು. ಮೊದಲು ನೀರಿನ ಜಿಡ್ಡು ತೆಗೆಯುತ್ತಾರೆ. ಹುಳಿ ನೀರು, ಸೋಡಾ ನೀರು ಎಲ್ಲ ಒಂದು ತೊಟ್ಟಿಯಲ್ಲಿ ಬೆರೆತು ಸಮವಾಗುತ್ತವೆ. ಆಮೇಲೆ ಗಾಳಿ ತೊಟ್ಟಿ. ಅದರ ತಳದಲ್ಲಿ ಸಣ್ಣ ತೂತುಗಳ ರಬ್ಬರ್ ಹಾಳೆ ಹೊದಿಸಿದ ಕೊಳವೆಗಳಿರುತ್ತವೆ. ಬ್ಲೋವರ್ ಎಂಬ ದೊಡ್ಡ ಗಾಳಿಯಂತ್ರ ಅವುಗಳಿಗೆ ಗಾಳಿ ಊದುತ್ತದೆ. ಸೋಡಾ ಸೀಸೆಯ ಹಾಗೆ ಗುಳ್ಳೆ ಏಳುತ್ತಲೇ ಇರುತ್ತದೆ. ಆ ಗಾಳಿ ಉಸಿರಾಡಿ ಜೀವಿಗಳು ಕೊಳೆಯನ್ನು ತಿಂದು, ಕಂದು ಬಣ್ಣದ ಹತ್ತಿಯ ಮುದ್ದೆಗಳಂತೆ ಕೂಡಿಕೊಳ್ಳುತ್ತವೆ. ಮುಂದಿನ ತೊಟ್ಟಿಯಲ್ಲಿ ಮುದ್ದೆ ತಳ ಸೇರುತ್ತದೆ, ತಿಳಿನೀರು ಮೇಲೆ ನಿಲ್ಲುತ್ತದೆ. ತಳದ ಕೆಸರಿನ ಒಂದು ಪಾಲನ್ನು ಹೆಪ್ಪು ಹಾಕಿದಂತೆ ಮತ್ತೆ ಗಾಳಿ ತೊಟ್ಟಿಗೆ ತಿರುಗಿಸುತ್ತಾರೆ.

ಈ ಹೆಪ್ಪಿನ ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಪ್ರಕಟಿಸಿದರು. ಅವರಿಗೆ ಆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು, ಈಗಲೂ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನೂರು ವರ್ಷಗಳಿಂದ ಜಗತ್ತಿನ ಊರೂರಿನ ಕೊಳೆನೀರು ಶುದ್ಧವಾಗುತ್ತಿರುವುದು ಬಹುಪಾಲು ಇದೇ ವಿಧಾನದಿಂದ.

ಎಷ್ಟು ಗಾಳಿ? ಅಂದಾಜು ಸಾಲದು

ಇಂಥ ಘಟಕಗಳ ವಿದ್ಯುತ್ ಖರ್ಚಿನಲ್ಲಿ ಅರ್ಧದಷ್ಟು, ಕೆಲವೆಡೆ ಅರ್ಧಕ್ಕೂ ಹೆಚ್ಚು, ಈ ಗಾಳಿ ಊದುವುದಕ್ಕೇ ಹೋಗುತ್ತದೆ. ಡೇರಿಯ ಕರೆಂಟು ಬಿಲ್ಲಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ಒಕ್ಕೂಟ ನಿಮ್ಮದು. ಬಿಲ್ಲು ಕಟ್ಟುವ ಚೀಲವೂ ನಿಮ್ಮ ಹಾಲಿಗೆ ದರ ಕೊಡುವ ಚೀಲವೂ ಒಂದೇ.

ತೊಂದರೆ ಏನೆಂದರೆ, ಕೊಳೆ ಇಡೀ ದಿನ ಒಂದೇ ಸಮನೆ ಬರುವುದಿಲ್ಲ. ಟ್ಯಾಂಕರ್ ತೊಳೆಯುವ ಹೊತ್ತಿಗೆ ಒಮ್ಮೆಲೇ ನುಗ್ಗುತ್ತದೆ, ರಾತ್ರಿ ಇಳಿಯುತ್ತದೆ. ಬ್ಲೋವರನ್ನು ಇಡೀ ದಿನ ಒಂದೇ ವೇಗದಲ್ಲಿ ಬಿಟ್ಟರೆ ಹಗಲು ಗಾಳಿ ಸಾಲದು, ರಾತ್ರಿ ಹೆಚ್ಚಾಗುತ್ತದೆ. ಸಾಲದಿದ್ದರೆ ಜೀವಿಗಳು ಉಸಿರುಗಟ್ಟುತ್ತವೆ, ನಾತ ಬರುತ್ತದೆ, ಮುದ್ದೆ ನೂಲುನೂಲಾಗಿ ತಳ ಸೇರದೆ ಕೊಳೆ ನೀರಿನ ಜೊತೆಗೇ ಹೊರಗೆ ಹೋಗುತ್ತದೆ. ಹೆಚ್ಚಾದರೆ ಮುದ್ದೆ ಒಡೆಯುತ್ತದೆ, ಕರೆಂಟು ದಂಡ.

ಇಲ್ಲಿ ಕೆಲಸಕ್ಕೆ ಬರುವುದು ಸೆನ್ಸರ್, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಕಡ್ಡಿ. ಈಗಿನ ಕಡ್ಡಿಗಳ ತುದಿಯಲ್ಲಿ ಒಂದು ವಿಶೇಷ ಬಣ್ಣದ ಲೇಪವಿರುತ್ತದೆ. ಅದರ ಮೇಲೆ ನೀಲಿ ಬೆಳಕು ಬಿದ್ದಾಗ ಕೆಂಪಗೆ ಹೊಳೆಯುತ್ತದೆ. ಸುತ್ತ ಆಮ್ಲಜನಕ ಹೆಚ್ಚಿದ್ದರೆ ಹೊಳಪು ಬೇಗ ಆರುತ್ತದೆ, ಕಡಿಮೆ ಇದ್ದರೆ ನಿಧಾನ. ಆರುವ ಹೊತ್ತನ್ನು ಲೆಕ್ಕ ಹಾಕಿ ಕಡ್ಡಿ ಅಂಕಿ ತೋರಿಸುತ್ತದೆ.

ತೊಟ್ಟಿಯಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಉಳಿದಿದ್ದರೆ ಜೀವಿಗಳಿಗೆ ಸಾಕು. ಅಂಕಿ ಒಂದೂವರೆಗೆ ಇಳಿದರೆ ನಿಯಂತ್ರಣ ಪೆಟ್ಟಿಗೆ ಬ್ಲೋವರಿನ ವೇಗ ಏರಿಸುತ್ತದೆ, ಎರಡೂವರೆಗೆ ಏರಿದರೆ ಇಳಿಸುತ್ತದೆ. ಮನೆಯ ಫ್ಯಾನಿನ ರೆಗ್ಯುಲೇಟರನ್ನು ಸೆಕೆ ನೋಡಿ ನೀವು ತಿರುಗಿಸುತ್ತೀರಲ್ಲ, ಅದೇ ಕೆಲಸವನ್ನು ಅದು ನೀರಿನ ಸೆಕೆ ನೋಡಿ ಮಾಡುತ್ತದೆ. ಪ್ರತಿ ಕ್ಷಣಕ್ಕೂ ಕುಣಿಯುವುದಿಲ್ಲ, ಕೆಲವು ನಿಮಿಷಗಳ ಸರಾಸರಿ ನೋಡಿ ನಿಧಾನಕ್ಕೆ ಬದಲಿಸುತ್ತದೆ.

"ಎರಡೇ ಏಕೆ, ಆರು ಇಟ್ಟರೆ ಇನ್ನೂ ಒಳ್ಳೆಯದಲ್ಲವೇ?" ಎಂದು ತರಬೇತಿಯಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಚಹಕ್ಕೆ ಹಾಕಿದ ಮೊದಲ ಚಮಚ ಸಕ್ಕರೆ ಬೇಗ ಕರಗುತ್ತದೆ, ಹಾಕುತ್ತ ಹೋದಂತೆ ಕರಗುವುದು ನಿಧಾನ. ಗಾಳಿಯೂ ಹಾಗೇ. ನೀರಿಗೆ ಹಿಡಿಯುವುದು 8, ಇರುವುದು 2 ಎಂದರೆ 6ರಷ್ಟು ಜಾಗ ಖಾಲಿ ಇದೆ. ಇರುವುದು 6 ಎಂದರೆ ಖಾಲಿ ಜಾಗ 2 ಮಾತ್ರ. ಅಷ್ಟೇ ಆಮ್ಲಜನಕ ಕರಗಿಸಲು ಮೂರು ಪಟ್ಟು ಗಾಳಿ ಊದಬೇಕು. ಕರೆಂಟು ಹೆಚ್ಚು ಖರ್ಚು, ಕೆಲಸ ಅಷ್ಟೇ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಕುಮಟಾ, ಹೊನ್ನಾವರದ ಸಿಗಡಿ ಕೆರೆಗಳ ಬಳಿ ಹೋಗಿ. ಅಲ್ಲಿ ನೀರು ಬಡಿಯುತ್ತ ತಿರುಗುವ ಚಕ್ರಗಳಿರುತ್ತವೆ. ಕೆರೆಯ ಆಮ್ಲಜನಕ ತೀರ ಕೆಳಗಿಳಿಯುವುದು ಬೆಳಗಿನ ಜಾವ, ಏಕೆಂದರೆ ರಾತ್ರಿ ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಮಾಡುವುದಿಲ್ಲ, ತಾನೇ ಉಸಿರಾಡುತ್ತದೆ. ಅನುಭವಿ ಸಾಕಣೆದಾರರು ಅಳೆದು ನೋಡಿ ಆ ಹೊತ್ತಿಗೆ ಚಕ್ರ ತಿರುಗಿಸುತ್ತಾರೆ. ಅಳೆಯದೆ ಮಲಗಿದವರ ಸಿಗಡಿ ಬೆಳಗಾಗುವಷ್ಟರಲ್ಲಿ ದಡಕ್ಕೆ ಬಂದು ಬಾಯಿ ಬಿಡುತ್ತವೆ.

ಅಳತೆ ತಪ್ಪಿದರೆ ಊರಿಗೇ ಗೊತ್ತಾಗುತ್ತದೆ. ನಮ್ಮಂತೆಯೇ ಹಾಲನ್ನು ನಂಬಿದ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯತೊಡಗಿತು. ಬತ್ತಿದ ಕೆರೆ ತುಂಬಿತೆಂದು ಜನ ಸಂತೋಷಪಟ್ಟರು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ನೀರು ಬಿಡುವುದನ್ನು ಕೆಲ ಕಾಲ ನಿಲ್ಲಿಸಬೇಕಾಯಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ಕೆರೆಯ ದಡದಲ್ಲಿ ದನ ಕಟ್ಟಿದವರಿಗೆ ಬೇಕಾದದ್ದು ಒಂದೇ ಉತ್ತರ: ಈ ನೀರನ್ನು ದಿನವೂ ಅಳೆಯುತ್ತಿದ್ದೀರಾ?

ಸೆನ್ಸರ್ ಕೂಡ ತೊಳೆಯಬೇಕು

ಯಂತ್ರ ಇದೆ ಎಂದು ನಿಶ್ಚಿಂತೆಯಿಂದಿರುವಂತಿಲ್ಲ. ಕಡ್ಡಿಯ ತುದಿಗೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ. ಲೋಳೆಯಲ್ಲಿರುವ ಜೀವಿಗಳು ತುದಿಯ ಬಳಿಯ ಆಮ್ಲಜನಕವನ್ನು ತಾವೇ ಎಳೆದುಕೊಂಡರೆ ಕಡ್ಡಿ ಕಡಿಮೆ ಅಂಕಿ ತೋರಿಸುತ್ತದೆ. ಪೆಟ್ಟಿಗೆ ಅದನ್ನು ನಂಬಿ ಬ್ಲೋವರನ್ನು ಸುಮ್ಮನೆ ಜೋರಾಗಿ ಓಡಿಸುತ್ತದೆ. ಅದಕ್ಕೇ ತಪ್ಪದೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ಕಡ್ಡಿಯನ್ನು ಗಾಳಿಗೆ ಎತ್ತಿ ಹಿಡಿದು ಅಂಕಿ ಸರಿ ಬರುತ್ತದೆಯೇ ಎಂದು ನೋಡಬೇಕು.

ಇದು ನಿಮಗೆ ಹೊಸ ಮಾತಲ್ಲ. ಸಂಘದಲ್ಲಿ ಹಾಲು ಪರೀಕ್ಷಿಸುವ ಯಂತ್ರವನ್ನು ಸರಿಯಾಗಿ ತೊಳೆಯದಿದ್ದರೆ ಫ್ಯಾಟ್, ಎಸ್‌ಎನ್‌ಎಫ್ ಏರುಪೇರು ಬರುತ್ತದೆ ಎಂದು ಮೊದಲು ಜಗಳ ತೆಗೆಯುವವರು ನೀವೇ. ಆ ಜಗಳ ನ್ಯಾಯವಾದದ್ದು. ಅಳೆಯುವ ವಸ್ತು ಶುದ್ಧವಿದ್ದರೆ ಮಾತ್ರ ಅಳತೆ ಸತ್ಯ.

ನಿಮ್ಮ ಮನೆಯ ಸೆನ್ಸರ್ ನೀವೇ

ಐದು ದನಗಳ ಕೊಟ್ಟಿಗೆಗೆ ಬ್ಲೋವರ್ ಬೇಡ, ಕಡ್ಡಿಯೂ ಬೇಡ. ಡೇರಿಯ ತೊಟ್ಟಿಯಲ್ಲಿ ನಡೆಯುವುದೇ ನಿಮ್ಮ ಗೊಬ್ಬರ ಗುಂಡಿಯಲ್ಲೂ ನಡೆಯುತ್ತದೆ. ಅಳೆಯಲು ಮೂಗು ಮತ್ತು ಕಣ್ಣು ಸಾಕು. ಗುಂಡಿ ಬೆಚ್ಚಗಿದ್ದು ಮಣ್ಣಿನ ವಾಸನೆ ಬಂದರೆ ಗಾಳಿ ಸಾಕಷ್ಟಿದೆ. ಕಪ್ಪಾಗಿ ನಾರಿದರೆ ಉಸಿರುಗಟ್ಟಿದೆ. ಆಗ ಮಾಡಬೇಕಾದದ್ದು ದರಕು ಹಾಕಿ ತಿರುವುವುದು. ನಮ್ಮ ಹಿರಿಯರು ಕೊಟ್ಟಿಗೆಗೆ ಸೊಪ್ಪು, ದರಕು ಹಾಸಿದ್ದು ದನಕ್ಕೆ ಮೆತ್ತಗಿರಲೆಂದು ಮಾತ್ರವಲ್ಲ. ಅದು ಗಂಜಲ ಹೀರುತ್ತದೆ, ಗೊಬ್ಬರದೊಳಗೆ ಗಾಳಿಗೆ ದಾರಿ ಮಾಡುತ್ತದೆ.

ಗಂಜಲದ ವಿಷಯದಲ್ಲಿ ಇನ್ನೊಂದು ಎಚ್ಚರ. ಗಂಜಲದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಕಣ್ಣು ಉರಿಯುವುದು ಅದರಿಂದ. ಮುಂದೆ ಮಣ್ಣಿನಲ್ಲಿ ಅದೇ ನೈಟ್ರೇಟ್ ಆಗಿ ನೀರಿನ ಜೊತೆ ಬಾವಿಗೆ ಇಳಿಯುತ್ತದೆ. ನೈಟ್ರೇಟಿಗೆ ಬಣ್ಣ, ವಾಸನೆ ಇಲ್ಲ, ನೀರು ಕಾಯಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಹೆಚ್ಚು ಅಪಾಯ, ಏಕೆಂದರೆ ಪುಡಿ ಕಲಸುವುದು ಅದೇ ನೀರಿನಲ್ಲಿ.

ಇದಕ್ಕೆ ಮಾತ್ರ ಪರೀಕ್ಷೆ ಬೇಕು. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಕೇಳಿ. ತರಬೇತಿ ಪಡೆದವರು ಯಾರೆಂದು ಕೇಳಿ. ಯಾರೂ ಇಲ್ಲದಿದ್ದರೆ ನೀವೇ ಹೆಸರು ಕೊಡಿ.

ಇಂದಿನಿಂದ ಮಾಡಬಹುದಾದದ್ದು

1. ಗೊಬ್ಬರ ಗುಂಡಿ, ಇಂಗುಗುಂಡಿ, ಕೊಟ್ಟಿಗೆಯ ಚರಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ, ಬಾವಿಗಿಂತ ತಗ್ಗಿನ ಕಡೆ ಇರಲಿ. ಜಾಗವಿಲ್ಲದಿದ್ದರೆ ಚರಂಡಿಗೆ ಸಿಮೆಂಟ್ ಹಾಕಿ ತೋಟದ ಕಡೆ ತಿರುಗಿಸಿ.

2. ಮೊದಲು ಸಗಣಿ ಬಾಚಿ, ಆಮೇಲೆ ತೊಳೆಯಿರಿ. ಬಾಚಿದಷ್ಟೂ ಚರಂಡಿಯ ಭಾರ ಕಡಿಮೆ, ಗೊಬ್ಬರವೂ ಹೆಚ್ಚು.

3. ಕೆಟ್ಟ ಹಾಲು, ಚುಚ್ಚುಮದ್ದು ಕೊಟ್ಟ ಹಸುವಿನ ಹಾಲು ಚರಂಡಿಗೆ ಬೇಡ, ಹಳ್ಳಕ್ಕೆ ಬೇಡ. ಕರುವಿಗೂ ಕುಡಿಸಬೇಡಿ. ಬಾವಿಯಿಂದ ದೂರದ ಗೊಬ್ಬರ ಗುಂಡಿಯಲ್ಲಿ ದರಕಿನ ಮೇಲೆ ಸ್ವಲ್ಪ ಸ್ವಲ್ಪವೇ ಹರಡಿ ಚೆಲ್ಲಿ, ಮೇಲೆ ಮತ್ತೆ ದರಕು ಮುಚ್ಚಿ. ಗೋಬರ್ ಗ್ಯಾಸಿಗೂ ಹಾಕಬೇಡಿ. ಆ್ಯಂಟಿಬಯೋಟಿಕ್ ಅಲ್ಲಿನ ಜೀವಿಗಳನ್ನೂ ಕೊಲ್ಲಬಲ್ಲದು.

4. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಎಂದು ನನ್ನನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂಥ ಹಾಲು ಸೇರಿದರೆ ಗ್ರಾಹಕರಿಗೆ ತೊಂದರೆ. ಮೊಸರು ಹೆಪ್ಪಾಗುವುದಿಲ್ಲ. ಟ್ಯಾಂಕರ್ ಹಾಲೇ ತಿರಸ್ಕೃತವಾದರೆ ಅಷ್ಟೂ ಲೀಟರಿನ ಭಾರ ಡೇರಿಯ ಗಾಳಿ ತೊಟ್ಟಿಯ ಮೇಲೆ ಬೀಳುತ್ತದೆ.

5. ಹಾಲನ್ನು ಹೊತ್ತಿಗೆ ಸರಿಯಾಗಿ, ಶುದ್ಧ ಸ್ಟೀಲ್ ಪಾತ್ರೆಯಲ್ಲಿ ತನ್ನಿ. ಒಡೆದ ಹಾಲು ನಿಮಗೂ ನಷ್ಟ, ಚೆಲ್ಲಿದಲ್ಲೂ ನಷ್ಟ. ಕ್ಯಾನ್ ತೊಳೆಯುವಾಗ ತಳದ ಹಾಲನ್ನು ಮೊದಲು ಪೂರ್ತಿ ಬಸಿಯಿರಿ.

6. ಫಿನಾಯಿಲ್, ಬ್ಲೀಚಿಂಗ್ ಪುಡಿಯ ನೀರು ಗೊಬ್ಬರ ಗುಂಡಿಗೂ ಗೋಬರ್ ಗ್ಯಾಸಿಗೂ ಹೋಗದಂತೆ ನೋಡಿಕೊಳ್ಳಿ.

7. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಾವಿ ನೀರು ಪರೀಕ್ಷಿಸಿ. ದನ ನೀರು ಕಡಿಮೆ ಕುಡಿಯುತ್ತಿದ್ದರೆ ಅದನ್ನೂ ಒಂದು ಪರೀಕ್ಷೆ ಎಂದೇ ತಿಳಿಯಿರಿ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹಸು ನೀರು ಬಿಟ್ಟರೆ ಹಾಲು ಇಳಿಯಲು ತಡವಿಲ್ಲ.

ಇಡಗುಂಜಿಯ ಆ ಮನೆಯಲ್ಲಿ ಚರಂಡಿಯನ್ನು ತೋಟದ ಕಡೆ ತಿರುಗಿಸಿದರು. ಬಾವಿಯ ನೀರನ್ನು ಎತ್ತಿ ಚೆಲ್ಲಿ, ಬ್ಲೀಚಿಂಗ್ ಹಾಕಿ, ಮತ್ತೆ ಪರೀಕ್ಷಿಸಿದೆವು. ಅಲ್ಲಿಯವರೆಗೆ ಪಕ್ಕದ ಮನೆಯ ನೀರೇ ಗತಿ. ಎರಡನೆಯ ಸೀಸೆ ಕಪ್ಪಾಗಲಿಲ್ಲ. ಎರಡನೆಯ ಕರು ಉಳಿಯಿತು, ಈಗ ಕಡಸಾಗಿದೆ. ಮೊದಲ ಕರುವಿನ ಮಾತನ್ನು ಆ ಅಮ್ಮ ನನ್ನೆದುರು ಎತ್ತುವುದಿಲ್ಲ. ಆದರೂ ಆ ಕೊಟ್ಟಿಗೆಗೆ ಹೋದಾಗಲೆಲ್ಲ ಖಾಲಿ ಕಂಬ ನನ್ನ ಕಣ್ಣಿಗೆ ಬೀಳುತ್ತದೆ.

ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ನಾನು ಥರ್ಮಾಮೀಟರ್ ತೆಗೆಯುವ ಮೊದಲು ಬಾವಿ ಎಲ್ಲಿದೆ ಎಂದು ಕೇಳುತ್ತೇನೆ. ನಾನು ಮರೆತರೆ ನೀವು ನೆನಪಿಸಿ. ಒಂದು ಕೊಡಪಾನ ನೀರು ಎತ್ತಿ ತಂದು ಎದುರಿಗಿಡಿ.

ನಿಮ್ಮ ವಿಶ್ವಾಸಿ,
ಪಶುವೈದ್ಯಾಧಿಕಾರಿ